ಬೀಜ ಬಿಡದ ಹೂವಿನ ಬೆನ್ನು ಹತ್ತಿ

ಟೋಕಿಯೋದಲ್ಲಿ ಜುಲೈ ತಿಂಗಳ ಸೂರ್ಯ ನಾಲ್ಕೂವರೆಗೇ ಹುಟ್ಟುತ್ತಾನೆ. ಇರಿಯಾದ ಅಸಗಾವೊ ಸಂತೆಗೆ ಹೋಗುವವರು ಅವನ ಜೊತೆಗೇ ಎದ್ದು ಹೊರಡಬೇಕು. ಎಂಟು ಗಂಟೆಗೆ ಹೋದರೂ ಸಂತೆಯೇನೋ ಇರುತ್ತದೆ, ಆದರೆ ಹೂವಿನಲ್ಲಿ ಆ ಮೊದಲ ಹೊತ್ತಿನ ಕಳೆ ಇರುವುದಿಲ್ಲ ಎಂದು ನನ್ನ ಅಕ್ಕನ ಮಗಳು ಹಿಂದಿನ ರಾತ್ರಿಯೇ ಹೇಳಿಬಿಟ್ಟಿದ್ದಳು. ಅವಳ ಮನೆ ಎದೋಗಾವಾ ವಾರ್ಡಿನ ನಿಶಿ-ಕಸಾಯಿಯಲ್ಲಿ. ನಮ್ಮ ಕಡೆಯಿಂದ ಹೋದ ಸಾಫ್ಟ್‌ವೇರ್ ಕುಟುಂಬಗಳು ದಟ್ಟವಾಗಿ ನೆಲೆಸಿರುವ ಬಡಾವಣೆ ಅದು. ಲಿಫ್ಟಿನಲ್ಲಿ ಕನ್ನಡ ಕಿವಿಗೆ ಬಿದ್ದರೂ ಯಾರೂ ತಿರುಗಿ ನೋಡುವುದಿಲ್ಲ. ಬೆಳಗಿನ ಮೊದಲ ರೈಲು ಹಿಡಿದು, ಕಯಾಬಾಚೋದಲ್ಲಿ ಇಳಿದು ಇನ್ನೊಂದು ರೈಲು ಹತ್ತಿ ಇರಿಯಾ ಮುಟ್ಟಿದೆವು. ನಿಲ್ದಾಣದ ಮೆಟ್ಟಿಲು ಹತ್ತಿ ರಸ್ತೆಗೆ ಬಂದ ನನಗೆ ಮುಂದಕ್ಕೆ ಹೆಜ್ಜೆ ಇಡಲಾಗಲಿಲ್ಲ.

ಕೊತೊತೊಯಿ ಎಂಬ ಆ ಅಗಲ ರಸ್ತೆಯ ಬದಿಯುದ್ದಕ್ಕೂ ಕಣ್ಣು ಹರಿಯುವವರೆಗೆ ಕುಂಡಗಳು. ಒಂದೊಂದು ಕುಂಡಕ್ಕೂ ಮೂರು ಬಿದಿರು ಕಡ್ಡಿ, ಕಡ್ಡಿಗಳನ್ನು ಹಿಡಿದಿಟ್ಟ ಮೂರು ಬಳೆ, ಅದಕ್ಕೆ ಸುತ್ತಿಕೊಂಡು ಮೊಳದೆತ್ತರ ಏರಿದ ಬಳ್ಳಿ. ಒಂದೇ ಕುಂಡದಲ್ಲಿ ನಾಲ್ಕು ಬಣ್ಣದ ಬಳ್ಳಿಗಳನ್ನು ಸೇರಿಸಿ ಬೆಳೆಸಿರುತ್ತಾರೆ: ಕಡುನೀಲಿ, ಕೆನ್ನೇರಳೆ, ಗುಲಾಬಿ, ಬಿಳಿ. ನಾವು ಮಾರ್ನಿಂಗ್ ಗ್ಲೋರಿ ಎಂದು ಕರೆಯುವ ಬಳ್ಳಿಯೇ ಈ ಅಸಗಾವೊ. ಸಸ್ಯಶಾಸ್ತ್ರದ ಹೆಸರು ಐಪೋಮಿಯಾ ನಿಲ್. ಬೆಂಗಳೂರಿನ ಖಾಲಿ ಸೈಟುಗಳ ಬೇಲಿಯ ಮೇಲೆ ಇದರ ದಾಯಾದಿಗಳನ್ನು ಎಷ್ಟೋ ಸಲ ಕಂಡು ಮುಂದೆ ಹೋಗಿದ್ದೇನೆ. ಇಲ್ಲಿ ಇದೇ ಬಳ್ಳಿಗಾಗಿ ಅಜ್ಜಂದಿರು, ಆಫೀಸಿಗೆ ಹೊರಟವರು, ಮಗುವನ್ನು ಹೆಗಲೇರಿಸಿಕೊಂಡ ತಂದೆಯರು ನಸುಕಿನಲ್ಲೇ ಬಂದು ಸಾಲು ಸಾಲು ಕುಂಡಗಳ ಮುಂದೆ ಬಗ್ಗಿ ನಿಂತಿದ್ದಾರೆ. ಸಂತೆ ನಡೆಯುವುದು ವರ್ಷಕ್ಕೆ ಮೂರೇ ದಿನ, ಜುಲೈ 6ರಿಂದ 8. ಒಂದು ಕುಂಡಕ್ಕೆ ಎರಡು ಸಾವಿರ ಯೆನ್‌ಗೂ ಮೇಲೆ. ಚೌಕಾಸಿಯ ಮಾತೇ ಕೇಳಿಸಲಿಲ್ಲ.

ನಾನೂ ಒಂದು ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೆ. ಅರಳಿದ ಹೂವು ಅಂಗೈಯಗಲ. ಗಂಟಲಿನ ಬಿಳುಪಿನಿಂದ ಐದು ಗೆರೆಗಳು ಹೊರಟು ಅಂಚಿನವರೆಗೆ ಹೋಗುತ್ತವೆ, ಗೆರೆಯ ನಡುವಿನ ಭಾಗ ಎಷ್ಟು ತೆಳುವೆಂದರೆ ಹಿಂದಿನ ಎಲೆಯ ನೆರಳು ಅದರಲ್ಲಿ ಮೂಡುತ್ತದೆ. ಪಕ್ಕದಲ್ಲೇ ನಾಳೆಯ ಮೊಗ್ಗು, ಮಡಿಸಿ ತಿರುಚಿಟ್ಟ ಕೊಡೆಯಂತೆ ಬಿಗಿಯಾಗಿ ಸುತ್ತಿಕೊಂಡಿದೆ. ಇದು ಅರಳುವುದಕ್ಕೆ ಬೆಳಗಿನ ಬಿಸಿಲು ಕಾರಣವೆಂದು ಎಲ್ಲರೂ ತಿಳಿದಿರುತ್ತೇವೆ. ನಿಜದಲ್ಲಿ ಮೊಗ್ಗು ಲೆಕ್ಕ ಹಾಕುವುದು ಹಿಂದಿನ ಸಂಜೆಯ ಕತ್ತಲನ್ನು. ಬೆಳಕು ಹೋಗಿ ಸುಮಾರು ಹತ್ತು ಗಂಟೆಯಾದರೆ ಅದು ಬಿಚ್ಚಿಕೊಳ್ಳುತ್ತದೆ, ಸೂರ್ಯ ಬಂದಿರಲಿ ಬಿಡಲಿ. ಬೇಸಿಗೆ ಕಳೆದು ರಾತ್ರಿ ಉದ್ದವಾಗುತ್ತ ಹೋದಂತೆ ಹೂವು ಸೂರ್ಯನಿಗಿಂತ ಎಷ್ಟೋ ಮುಂಚೆ, ಯಾರೂ ಏಳದ ಹೊತ್ತಿನಲ್ಲಿ ಅರಳಿ ಕೂತಿರುತ್ತದೆ. ನಡುಹಗಲಿಗೆ ಬಾಡಿಯೂ ಆಗಿರುತ್ತದೆ. ಒಂದು ಹೂವಿಗೆ ಒಂದೇ ಮುಂಜಾವು.

ಅಂಗಡಿಯೊಂದರಲ್ಲಿ ಕಂದು ಬಣ್ಣದ ಹೂವು ಕಂಡೆ. ಒಣಗಿದ್ದೇನೋ ಎಂದುಕೊಂಡು ಮುಟ್ಟಿ ನೋಡಿದರೆ ಆಗಷ್ಟೇ ಅರಳಿದ ತಂಪು. ಇದು ದಂಜೂರೋ. ಕಬುಕಿ ರಂಗಭೂಮಿಯ ಇಚಿಕಾವಾ ದಂಜೂರೋ ವಂಶದ ನಟರು ‘ಶಿಬಾರಾಕು’ ಎಂಬ ಆಟದಲ್ಲಿ ತೊಡುವ ಉಡುಪಿನ ಬಣ್ಣ ಇದಕ್ಕಿದೆಯೆಂದು ಆ ಹೆಸರು. ಯಕ್ಷಗಾನ ನೋಡಿ ಬೆಳೆದ ನನಗೆ ಕಲಾವಿದನ ವೇಷವೊಂದು ಹೂವಿನ ತಳಿಗೆ ಹೆಸರಾಗಿ ನಿಂತದ್ದು ಬಹಳ ಹಿಡಿಸಿತು. ಅದರಾಚೆಯ ಅಂಗಡಿಯಲ್ಲಿ ಬಿಳಿ ಹೂವಿನ ಮೇಲೆ ನೀಲಿಯ ಚುಕ್ಕೆ, ಗೀರು, ಕೆಲವೆಡೆ ಕಾಲುಭಾಗವೇ ನೀಲಿ. ಒಂದು ಹೂವಿನಂತೆ ಇನ್ನೊಂದಿಲ್ಲ. ಈ ಚುಕ್ಕೆಗಳ ಹಿಂದಿರುವುದು ವರ್ಣತಂತುಗಳಲ್ಲಿ ಜಾಗ ಬದಲಿಸುವ ನೆಗೆಯುವ ಜೀನುಗಳು. ಬಣ್ಣದ ಜೀನಿನೊಳಗೆ ಅಂಥದೊಂದು ತುಂಡು ಬಂದು ಕೂತರೆ ಬಣ್ಣ ನಿಲ್ಲುತ್ತದೆ, ಹೂವು ಬಿಳಿಯಾಗುತ್ತದೆ. ಮೊಗ್ಗು ಬೆಳೆಯುವಾಗ ಯಾವುದೋ ಒಂದು ಕೋಶದಲ್ಲಿ ಆ ತುಂಡು ಎದ್ದು ಹೋದರೆ, ಆ ಕೋಶದಿಂದ ಹುಟ್ಟಿದ ಸಂತತಿಯಲ್ಲೆಲ್ಲ ಬಣ್ಣ ಮರಳುತ್ತದೆ. ಬೇಗ ಎದ್ದರೆ ದೊಡ್ಡ ಪಟ್ಟೆ, ತಡವಾಗಿ ಎದ್ದರೆ ಸಣ್ಣ ಚುಕ್ಕೆ. ಮುಸುಕಿನ ಜೋಳದಲ್ಲಿ ಇಂಥ ನೆಗೆತವನ್ನು ಕಂಡುಹಿಡಿದ ಬಾರ್ಬರಾ ಮೆಕ್ಲಿಂಟಾಕ್‌ಗೆ 1983ರಲ್ಲಿ ನೊಬೆಲ್ ಬಂತು. ಅದಕ್ಕೆ ಎಷ್ಟೋ ಮೊದಲಿನಿಂದ ಈ ಊರಿನ ಜನ ಅದೇ ನೆಗೆತದ ಫಲವನ್ನು ಕುಂಡದಲ್ಲಿಟ್ಟು ಕಣ್ತುಂಬ ನೋಡುತ್ತಿದ್ದರು.

ಸಂತೆಯ ನಡುವೆಯೇ ಕಿಶಿಮೋಜಿನ್ ಗುಡಿ. ಕಿಶಿಮೋಜಿನ್ ಎಂದರೆ ನಮ್ಮ ಬೌದ್ಧ ಕಥೆಗಳ ಹಾರೀತಿ. ಊರ ಮಕ್ಕಳನ್ನು ಕದ್ದು ತಿನ್ನುತ್ತಿದ್ದ ಯಕ್ಷಿ. ಅವಳದೇ ಮಗುವನ್ನು ಬುದ್ಧ ಮುಚ್ಚಿಟ್ಟಾಗ ತಾಯ ಸಂಕಟ ಅರಿತು ಮಕ್ಕಳನ್ನು ಕಾಯುವವಳಾದಳು. ಅವಳು ಗಾಂಧಾರ, ಚೀನಾ ದಾಟಿ ಇಷ್ಟು ದೂರ ಬಂದು ಹೂವಿನ ಸಂತೆಯ ಒಡತಿಯಾಗಿ ಕುಳಿತಿದ್ದಾಳೆ. ನಾನು ಕೈಮುಗಿದೆ.

ಬಳ್ಳಿಯೂ ಹಾಗೆಯೇ ಹೊರಗಿನಿಂದ ಬಂದದ್ದು. ಸಾವಿರದಿನ್ನೂರು ವರ್ಷಗಳ ಹಿಂದೆ, ನಾರಾ ಕಾಲದಲ್ಲಿ, ಚೀನಾದಿಂದ ಬೀಜವಾಗಿ ಬಂತು. ಆಗ ಅದು ಬರೀ ಔಷಧಿ, ಹೊಟ್ಟೆ ತೊಳೆಯುವ ಬೀಜ. ಉತ್ತರ ಭಾರತದ ಗಂಧಿಗೆ ಅಂಗಡಿಗಳಲ್ಲಿ ಕಾಲಾದಾನ ಎಂದು ಮಾರುವುದು ಇದನ್ನೇ. ಅಲಂಕಾರದ ಹುಚ್ಚು ಹತ್ತಿದ್ದು ಎದೋ ಕಾಲದಲ್ಲಿ. 1806ರಲ್ಲಿ ಎದೋ ನಗರಕ್ಕೆ, ಅಂದರೆ ಇಂದಿನ ಟೋಕಿಯೋಗೆ, ದೊಡ್ಡ ಬೆಂಕಿ ಬಿತ್ತು. ಸುಟ್ಟು ಬರಿದಾದ ನೆಲದಲ್ಲಿ ತೋಟಗಾರರು ಈ ಬಳ್ಳಿ ಹಾಕಿದರು. ಹತ್ತಿರದ ಒಕಾಚಿಮಾಚಿಯಲ್ಲಿದ್ದ ಕೆಳದರ್ಜೆಯ ಸಮುರಾಯಿಗಳು, ಸಂಬಳ ಸಾಲದ ಕಾಲಾಳುಗಳು, ಹಿತ್ತಲಲ್ಲಿ ಅದನ್ನು ಬೆಳೆಸಿ ಮಾರಿ ಮನೆಖರ್ಚು ತೂಗಿಸಿದರು. ಅಲ್ಲಿಂದ ವಿಚಿತ್ರ ಹೂಗಳ ಪೈಪೋಟಿ ಶುರುವಾಗಿ, 1850ರ ದಶಕದಲ್ಲಿ ಇನ್ನೊಮ್ಮೆ ಉಕ್ಕಿತು. 1854ರಲ್ಲಿ ಅತಿ ಅಪರೂಪದ ಮೂವತ್ತಾರು ಹೂಗಳ ಚಿತ್ರಸಂಪುಟವೇ ಅಚ್ಚಾಯಿತು. ಮುಂದೆ ತೋಟಗಾರರು ಇರಿಯಾಗೆ ಬಂದರು. ನಗರ ಬೆಳೆದು ತೋಟಗಳನ್ನು ನುಂಗಿದಾಗ, 1913ರಲ್ಲಿ, ಇರಿಯಾದ ಹೂವಿನ ವೈಭವ ನಿಂತೇಹೋಯಿತು. ಯುದ್ಧದಲ್ಲಿ ನಗರ ಬಾಂಬಿಗೆ ಸುಟ್ಟು, ತಿನ್ನಲು ಅಕ್ಕಿ ಸಿಗದ 1948ರಲ್ಲಿ, ಊರವರು ಈ ಸಂತೆಯನ್ನು ಮತ್ತೆ ಕಟ್ಟಿದರು. ಹೊಟ್ಟೆಗಿಲ್ಲದಾಗ ಹೂವಿನ ಸಂತೆಯೇ ಎಂದು ಆಗ ಯಾರಾದರೂ ಕೇಳಿರಬಹುದು. ಆ ಬೆಳಗ್ಗೆ ಅಲ್ಲಿ ನಿಂತಿದ್ದ ನನಗೆ ಅದು ತೀರ ಸಹಜವಾದ ಕೆಲಸವಾಗಿ ಕಂಡಿತು.

ನಾನು ಕೊಂಡ ಕುಂಡವನ್ನು ಎಲ್ಲಿ ಬೆಳೆದದ್ದು ಎಂದು ಅಕ್ಕನ ಮಗಳು ಮಾರುವವನನ್ನು ಕೇಳಿದಳು. ಶಿಶಿಬೋನೆ ಎಂದ. ಎದೋಗಾವಾ ವಾರ್ಡಿನಲ್ಲೇ ಇರುವ ಜಾಗ, ಇವಳ ಮನೆಯಿಂದ ಬಸ್ಸಿನ ದಾರಿ. ಇಷ್ಟು ವರ್ಷ ಅಲ್ಲಿದ್ದು ತನಗೆ ತಿಳಿದಿರಲಿಲ್ಲವಲ್ಲ ಎಂದು ಅವಳು ಕುಂಡವನ್ನು ಎದೆಗವಚಿಕೊಂಡು ರೈಲು ಹತ್ತಿದಳು. ಕುಂಡ ಒಯ್ಯಲೆಂದೇ ಹಿಡಿಕೆ ಇರುವ ಎತ್ತರದ ಚೀಲ ಕೊಡುತ್ತಾರೆ. ಆ ಗಾಡಿಯಲ್ಲಿ ಅಂಥ ಚೀಲ ಹಿಡಿದವರು ಹಲವರಿದ್ದರು.

ಮರುದಿನದಿಂದ ನನಗೆ ಟೋಕಿಯೋದ ಗಲ್ಲಿಗಳ ಚಟ ಹಿಡಿಯಿತು. ಯಾನಾಕಾ, ಸೆಂದಾಗಿ ಕಡೆಯ ಹಳೆಯ ಕೇರಿಗಳಲ್ಲಿ ಮನೆಗೆ ಅಂಗಳವೆಂಬುದೇ ಇಲ್ಲ. ಬಾಗಿಲು ತೆರೆದರೆ ರಸ್ತೆ. ಆದರೂ ಬಾಗಿಲಿಗೂ ರಸ್ತೆಗೂ ನಡುವಿನ ಒಂದು ಗೇಣು ಜಾಗದಲ್ಲಿ ಮೂರು ಮೆಟ್ಟಿಲ ಮಣೆ ಹಾಕಿ ಇಪ್ಪತ್ತು ಮೂವತ್ತು ಗಿಡ ಇಟ್ಟಿರುತ್ತಾರೆ. ಮೀನು ತಂದ ಥರ್ಮಾಕೋಲ್ ಪೆಟ್ಟಿಗೆ, ಹಳೆಯ ಬಕೀಟು, ಬಿರುಕು ಬಿಟ್ಟ ಬೋಗುಣಿ, ಎಲ್ಲದರಲ್ಲೂ ಗಿಡ. ಕಾವಲಿಲ್ಲ, ಬೇಲಿಯಿಲ್ಲ. ಒಬ್ಬರ ಬಳ್ಳಿ ಪಕ್ಕದ ಮನೆಯ ಕೊಳವೆ ಹಿಡಿದು ಏರಿದರೆ ಪಕ್ಕದವರೇ ದಾರ ಕಟ್ಟಿ ಕೊಟ್ಟಿರುತ್ತಾರೆ.

ಇಂಥ ಗಲ್ಲಿಯೊಂದರಲ್ಲಿ ಮಾನ್‌ರ್ಯೋ ಗಿಡದ ಮುಂದೆ ಅರ್ಧ ತಾಸು ಕಳೆದೆ. ಮೊಣಕಾಲೆತ್ತರದ ಪೊದೆ, ದಪ್ಪ ಹೊಳಪಿನ ಎಲೆ. ಕಳೆದ ಚಳಿಗಾಲದ ಕೆಂಪು ಹಣ್ಣುಗಳು ಎಲೆಯ ಕೆಳಗೆ ಇನ್ನೂ ಜೋತಿವೆ, ಅವುಗಳ ಮೇಲಿನ ಸುತ್ತಿನಲ್ಲಿ ಈ ವರ್ಷದ ಬಿಳಿ ಹೂವು ಅರಳುತ್ತಿದೆ. ಹೋದ ವರ್ಷದ ಹಣ್ಣೂ ಬರುವ ವರ್ಷದ ಹಣ್ಣೂ ಒಂದೇ ಕಾಂಡದ ಮೇಲೆ. ಎಲೆಯ ಅಂಚಿಗೆ ಬೆರಳಾಡಿಸಿದರೆ ಸಣ್ಣ ಸಣ್ಣ ಉಬ್ಬುಗಳು ಸಿಗುತ್ತವೆ. ಆ ಉಬ್ಬಿನೊಳಗೆ ಬ್ಯಾಕ್ಟೀರಿಯಾಗಳು ವಾಸ ಮಾಡುತ್ತವೆ. ಗಿಡ ಬೀಜ ಕಟ್ಟುವಾಗ ಅವು ಬೀಜಕ್ಕೂ ದಾಟಿಕೊಂಡು ಮುಂದಿನ ಗಿಡಕ್ಕೆ ಹೋಗುತ್ತವೆ. ಜಪಾನೀಯರು ಕೆಂಪು ಹಣ್ಣಿನ ಇಂಥ ಕೆಲವು ಗಿಡಗಳನ್ನು ಹಣದ ಲೆಕ್ಕದಲ್ಲಿ ಕರೆಯುತ್ತಾರೆ. ಸಾವಿರ ನಾಣ್ಯದ್ದು ಸೆನ್‌ರ್ಯೋ, ಅದರ ಹಣ್ಣು ಎಲೆಯ ಮೇಲೆ ಕೂರುತ್ತದೆ. ಹತ್ತು ಸಾವಿರದ್ದು ಮಾನ್‌ರ್ಯೋ. ನೂರರದು, ಹತ್ತರದು, ಒಂದರದೂ ಇವೆ. ಹೊಸ ವರ್ಷಕ್ಕೆ ಇವುಗಳ ಹಣ್ಣುಗೊಂಚಲು ಮನೆಯೊಳಗೆ ಬರಲೇಬೇಕು. ಮಾನ್‌ರ್ಯೋ ಆರ್ಡಿಸಿಯಾ ಕುಲದ್ದು. ಆ ಕುಲದ ಪೊದೆಗಳು ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೂ ಇವೆ. ಅದನ್ನು ಕುಂಡಕ್ಕೆ ತಂದು ಮನೆಬಾಗಿಲಲ್ಲಿಟ್ಟು ಹಣ್ಣನ್ನು ಇಷ್ಟು ಹತ್ತಿರದಿಂದ ನೋಡುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ.

ಹಣ್ಣಿನ ಗಿಡಕ್ಕಾಗಿ ಸಮುದ್ರ ದಾಟಿ ಈ ಊರಿಗೆ ಬಂದವನೊಬ್ಬನ ಕಥೆ ಇಲ್ಲಿ ಹೇಳಲೇಬೇಕು. ಅಓಕಿ ಎಂಬ ಗಿಡ ಇಲ್ಲಿನ ಗಲ್ಲಿಗಲ್ಲಿಯಲ್ಲೂ ಇದೆ. ಲ್ಯಾಟಿನ್ ಹೆಸರು ಆಕ್ಯುಬಾ. ಎಲೆಯ ಮೇಲೆ ಹಳದಿ ಚಿಮುಕಿಸಿದ ಅದರ ಒಂದು ತಳಿ 1783ರಲ್ಲಿ ಇಂಗ್ಲೆಂಡ್ ಮುಟ್ಟಿತು. ಲಂಡನ್ನಿನ ಹೊಗೆ, ನೆರಳು ಎರಡನ್ನೂ ತಡೆದುಕೊಂಡು ಮನೆಮನೆಯಲ್ಲೂ ಬೆಳೆಯಿತು. ಆದರೆ ಹಣ್ಣು ಬಿಡಲಿಲ್ಲ. ಏಕೆಂದರೆ ಆಕ್ಯುಬಾದಲ್ಲಿ ಹೆಣ್ಣು ಗಿಡ ಬೇರೆ, ಗಂಡು ಗಿಡ ಬೇರೆ, ಹೋದದ್ದೆಲ್ಲ ಹೆಣ್ಣು. ಮುಕ್ಕಾಲು ಶತಮಾನಕ್ಕೂ ಮೀರಿ ಇಂಗ್ಲೆಂಡಿನ ಆ ಗಿಡಗಳೆಲ್ಲ ಒಂಟಿಯಾಗಿ ಹೂ ಬಿಟ್ಟು ಉದುರಿಸಿದವು. ಜಪಾನ್ ಬಾಗಿಲು ತೆರೆದ ಮೇಲೆ, 1860ರಲ್ಲಿ, ರಾಬರ್ಟ್ ಫಾರ್ಚ್ಯೂನ್ ಎಂಬ ಗಿಡ ಬೇಟೆಗಾರ ಇಲ್ಲಿಗೆ ಬಂದ. ಚೀನಾದ ಚಹಾ ಗಿಡಗಳನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದವನೂ ಅವನೇ. ಅವನ ಪಟ್ಟಿಯಲ್ಲಿ ಗಂಡು ಆಕ್ಯುಬಾವೂ ಇತ್ತು. ಸಿಕ್ಕಿತು, ಗಾಜಿನ ಪೆಟ್ಟಿಗೆಯಲ್ಲಿ ಹಡಗು ಹತ್ತಿತು, ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಹೆಣ್ಣು ಗಿಡಗಳ ಮೇಲೆ ಕೆಂಪು ಹಣ್ಣು ಮೂಡಿತು. ಎದೋದ ಸಾಮಾನ್ಯರ ಮನೆ ಹಿಂದೆಮುಂದೆಲ್ಲ ಹೂಗಿಡ ಕಂಡು ಬೆರಗಾದದ್ದನ್ನು ಅವನು 1863ರ ತನ್ನ ಪ್ರವಾಸ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಅದೇ ಗಲ್ಲಿಗಳಲ್ಲಿ ನಡೆಯುತ್ತ ಅವನ ಬೆರಗಿಗೆ ನನ್ನದನ್ನೂ ಸೇರಿಸಿದೆ.

ಜುಲೈ 9 ಮತ್ತು 10, ಅಸಾಕುಸಾದ ಸೆನ್ಸೋ-ಜಿ ದೇವಾಲಯ. ಇಲ್ಲಿನ ದೇವತೆ ಕಾನ್ನೊನ್, ನಮ್ಮ ಅವಲೋಕಿತೇಶ್ವರ. ಜುಲೈ ಹತ್ತರಂದು ಬಂದು ಕೈಮುಗಿದರೆ 46,000 ದಿನ ಬಂದಷ್ಟು ಪುಣ್ಯವಂತೆ. ಹೆಚ್ಚುಕಡಿಮೆ 126 ವರ್ಷ, ಅಂದರೆ ಒಂದು ಜೀವಮಾನಕ್ಕೆ ಮಿಗುವಷ್ಟು. ಮೊದಲ ಪುಣ್ಯ ನನಗಿರಲೆಂದು ಜನ ಹಿಂದಿನ ದಿನವೇ ಬರತೊಡಗಿ ಜಾತ್ರೆ ಎರಡು ದಿನದ್ದಾಯಿತು. ಮಾರುವುದು ಹೋಜೂಕಿ ಗಿಡ.

ಹೋಜೂಕಿಯನ್ನು ಕನ್ನಡಿಗರಿಗೆ ಪರಿಚಯಿಸುವುದು ಸುಲಭ. ನಮ್ಮ ಹೊಲದ ಬದುವಿನ ಗುಪ್ಪಟೆ ಹಣ್ಣಿನ ಹತ್ತಿರದ ಸಂಬಂಧಿ ಅದು. ಕೆಲವು ಕಡೆ ಬುಡ್ಡೆ ಹಣ್ಣು ಎನ್ನುತ್ತಾರೆ. ಅದರ ಉಬ್ಬಿದ ಹೊರಗೂಡನ್ನು ಹಣೆಗೆ ಚಚ್ಚಿ ಠಪ್ಪೆನ್ನಿಸದ ಹಳ್ಳಿಯ ಮಕ್ಕಳಿಲ್ಲ. ನಮ್ಮದರ ಹೊರಗೂಡು ಹಸಿರು, ಒಣಗಿದರೆ ಬಿಳಚು. ಹೋಜೂಕಿಯದು ಕೆಂಡಕಿತ್ತಳೆ, ಕೋಳಿಮೊಟ್ಟೆಯ ಗಾತ್ರ. ದೇವಾಲಯದ ಸುತ್ತ ನೂರಾರು ಗಿಡಗಳಲ್ಲಿ ಅವು ಸಾಲಾಗಿ ತೂಗುತ್ತಿದ್ದವು. ಪ್ರತಿ ಗಿಡಕ್ಕೂ ಒಂದು ಗಾಜಿನ ಗಾಳಿಗಂಟೆ ಕಟ್ಟಿದ್ದಾರೆ. ಸುಳಿಗಾಳಿ ಬಂದರೆ ಜಾತ್ರೆಯ ಈ ತುದಿಯಿಂದ ಆ ತುದಿಯವರೆಗೆ ಕಿಣಿಕಿಣಿ ಸಾಗಿ ಹೋಗುತ್ತದೆ. ಒಂದೇ ಗಿಡದ ಬುಡದಿಂದ ತುದಿಯವರೆಗೆ ನೋಡಿದೆ. ತುದಿಯಲ್ಲಿ ಕೆನೆಬಣ್ಣದ ಪುಟ್ಟ ಹೂವು ತಲೆತಗ್ಗಿಸಿದೆ. ಅದರ ಕೆಳಗೆ ಹೂವುದುರಿ ಪುಷ್ಪಪಾತ್ರೆ ಉಬ್ಬತೊಡಗಿದೆ. ಅದಕ್ಕೂ ಕೆಳಗೆ ಹಸಿರು ಗೂಡು, ನಂತರ ಅರೆಹಳದಿ, ಬುಡದಲ್ಲಿ ಪೂರ್ತಿ ಕಿತ್ತಳೆ. ಹಣ್ಣಾಗುವ ಕಥೆಯನ್ನೆಲ್ಲ ಒಂದೇ ಕಾಂಡದ ಮೇಲೆ ಕ್ರಮವಾಗಿ ಓದಬಹುದು.

ಈ ಗಿಡ ಮೊದಲು ಮಾರಾಟವಾಗುತ್ತಿದ್ದುದು ಶಿಬಾದ ಅತಾಗೊ ಗುಡಿಯ ಜಾತ್ರೆಯಲ್ಲಿ. ಹಸಿರು ಹಣ್ಣು ನುಂಗಿದರೆ ಮಕ್ಕಳ ಹೊಟ್ಟೆಬಾಧೆಗೂ ಹೆಂಗಸರ ನೋವಿಗೂ ಗುಣವೆಂದು ಆಗಿನವರು ನಂಬಿದ್ದರು. ಕ್ರಮೇಣ ಅಸಾಕುಸಾದ ಜಾತ್ರೆಯೇ ದೊಡ್ಡದಾಯಿತು. ಇಂದು ಹಸಿ ಹಣ್ಣು ವಿಷವೆಂದು ಗೊತ್ತಿರುವುದರಿಂದ ಯಾರೂ ತಿನ್ನುವುದಿಲ್ಲ, ಕಣ್ಣಿಗೆಂದೇ ಬೆಳೆಸುತ್ತಾರೆ. ಪಿತೃಗಳು ಮನೆಗೆ ಬರುವ ಒಬೋನ್ ಹಬ್ಬದಲ್ಲಿ ಅವರಿಗೆ ದಾರಿ ತೋರುವ ದೀಪಗಳೆಂದು ಈ ಕಿತ್ತಳೆ ಗೂಡುಗಳನ್ನು ತೂಗುಹಾಕುತ್ತಾರೆ.

ಅಂಗಡಿಯ ಪಕ್ಕ ಮಡಚುವ ಕುರ್ಚಿಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು, ನಾನು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡುವುದನ್ನು ಕಂಡು ಹತ್ತಿರ ಕರೆದರು. ಗೂಡು ಸೀಳಿ ಒಳಗಿನ ಕೆಂಪು ಹಣ್ಣು ತೆಗೆದರು. ಹೆಬ್ಬೆರಳು ತೋರುಬೆರಳ ನಡುವೆ ಅದನ್ನು ಮೆಲ್ಲಗೆ, ಬಹಳ ಮೆಲ್ಲಗೆ ಹೊಸೆಯತೊಡಗಿದರು. ಹತ್ತು ನಿಮಿಷವೇ ಆಗಿರಬೇಕು, ಮಾತಾಡುತ್ತಲೇ ಇದ್ದರು, ಬೆರಳು ನಿಲ್ಲಲಿಲ್ಲ. ಒಳಗಿನ ತಿರುಳೆಲ್ಲ ನೀರಾದ ಮೇಲೆ ತೊಟ್ಟನ್ನು ತುಸು ತಿರುವಿ ಎಳೆದರು. ತೊಟ್ಟಿನ ಜೊತೆಗೇ ಬೀಜದ ಗೊಂಚಲು ಇಡಿಯಾಗಿ ಹೊರಬಂತು. ಉಳಿದದ್ದು ಸಣ್ಣ ತೂತಿನ ಖಾಲಿ ಕೆಂಪು ಚೀಲ, ಎಲ್ಲಿಯೂ ಹರಿದಿಲ್ಲ. ತೊಳೆದು ನಾಲಿಗೆಯ ಮೇಲಿಟ್ಟು ಅಂಗುಳಿಗೆ ಒತ್ತಿದರು. ‘ಗ್ಯೂ’ ಎಂದಿತು. ಚಿಕ್ಕಂದಿನಲ್ಲಿ ಶಾಲೆಯ ದಾರಿಯುದ್ದಕ್ಕೂ ಹೀಗೆ ನುಡಿಸುತ್ತಿದ್ದೆವು, ಚರ್ಮ ಹರಿಯದಂತೆ ತೆಗೆಯುವುದೇ ಹೆಣ್ಣುಮಕ್ಕಳ ಪಂದ್ಯ ಎಂದರು. ಅವರಿಗೆ ನಮ್ಮ ಹಣೆಗೆ ಚಚ್ಚುವ ಆಟ ತೋರಿಸಿದೆ. ಅಜ್ಜಿ ತಕ್ಷಣ ಒಂದು ಹಸಿರು ಗೂಡು ಕಿತ್ತು ತಮ್ಮ ಹಣೆಗೇ ಬಡಿದುಕೊಂಡರು. ಠಪ್!

ಮನೆಯಲ್ಲಿ ಅಕ್ಕನ ಮಗಳ ಮಗ ಒಂದನೇ ತರಗತಿ, ಊರಿನ ಸರ್ಕಾರಿ ಶಾಲೆ. ಬೇಸಿಗೆ ರಜೆಗೆ ಮುಂಚೆ ಅವನು ತನ್ನ ಹೆಸರು ಬರೆದ ನೀಲಿ ಪ್ಲಾಸ್ಟಿಕ್ ಕುಂಡವನ್ನು ಶಾಲೆಯಿಂದ ಮನೆಗೆ ತಂದ. ಅದರಲ್ಲೂ ಅಸಗಾವೊ. ಜಪಾನಿನ ಒಂದನೇ ತರಗತಿಯ ಮಕ್ಕಳಲ್ಲಿ ಬಹುತೇಕ ಎಲ್ಲರೂ ಬೀಜ ನೆಟ್ಟು, ನೀರು ಹಾಕಿ, ದಿನಚರಿಯಲ್ಲಿ ಚಿತ್ರ ಬರೆದು ಇದನ್ನು ಬೆಳೆಸುತ್ತಾರೆ. ಶರತ್ಕಾಲದಲ್ಲಿ ಬೀಜ ಬಿಡಿಸಿ, ಮುಂದಿನ ಏಪ್ರಿಲ್‌ಗೆ ಶಾಲೆಗೆ ಹೊಸದಾಗಿ ಸೇರುವ ಮಕ್ಕಳಿಗೆ ಉಡುಗೊರೆ ಕೊಡುವ ಪದ್ಧತಿ ಅನೇಕ ಶಾಲೆಗಳಲ್ಲಿದೆ. ಬಾಲ್ಕನಿಯಲ್ಲಿ ಅವನ ಕುಂಡದ ಪಕ್ಕ ಇರಿಯಾದ ಕುಂಡ, ಅದರ ಪಕ್ಕ ಒಂದು ಬಕೀಟು. ಬಕೀಟಿನ ನೀರಿನಲ್ಲಿ ನಾನು ಹೋಜೂಕಿ ಗೂಡುಗಳನ್ನು ಮುಳುಗಿಸಿಟ್ಟಿದ್ದೆ. ಕೆಲವು ದಿನಗಳಲ್ಲಿ ಗೂಡಿನ ಮೆದು ಭಾಗ ಕೊಳೆತು ಕರಗುತ್ತದೆ, ವಾಸನೆಯೂ ಬರುತ್ತದೆ, ಸಹಿಸಿಕೊಂಡು ನೀರು ಬದಲಿಸುತ್ತಿರಬೇಕು. ಕೊನೆಗೆ ನರಗಳ ಬಲೆ ಮಾತ್ರ ಉಳಿಯುತ್ತದೆ. ಬಲೆಯ ನಡುವೆ ಕೆಂಪು ಹಣ್ಣು ತೂಗುತ್ತಿರುತ್ತದೆ. ಹುಡುಗ ಅದನ್ನು ಬೆಳಕಿಗೆ ಹಿಡಿದು, ಇದರ ಗೂಡಿಗೆ ಬಾಗಿಲೇ ಇಲ್ಲವಲ್ಲ, ಹಣ್ಣು ಒಳಗೆ ಹೇಗೆ ಹೋಯಿತು ಎಂದು ಕನ್ನಡದಲ್ಲಿ ಕೇಳಿದ. ಬೆಳೆಯುವಾಗ ಗೂಡೇ ಹಣ್ಣಿನ ಸುತ್ತ ಬಂದದ್ದು ಎಂದು ಹೇಳಿ, ಹೋಜೂಕಿ ಗಿಡದ ತುದಿಯ ಹೂವು ತೋರಿಸಿದೆ.

ಆಗಸ್ಟ್‌ನಲ್ಲಿ ಸಾಕುರಾಗೆ ಹೋದದ್ದು ನನ್ನ ಪ್ರಯಾಣದ ತುದಿ. ಚಿಬಾ ಪ್ರಾಂತ್ಯದ ಪುಟ್ಟ ಊರು, ಹಳೆಯ ಕೋಟೆಯ ಜಾಗದಲ್ಲಿ ಜಪಾನಿನ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯ. ಅದಕ್ಕೆ ಸೇರಿದ ಸಸ್ಯೋದ್ಯಾನದಲ್ಲಿ 1999ರಿಂದ ಪ್ರತಿ ಬೇಸಿಗೆ ಎದೋ ಕಾಲದ ವಿಚಿತ್ರ ಅಸಗಾವೊಗಳ ಪ್ರದರ್ಶನ ಇಡುತ್ತಾರೆ. ಇರಿಯಾದಲ್ಲಿ ಕಂಡದ್ದೆಲ್ಲ ಬಣ್ಣದ ವೈವಿಧ್ಯ. ಇಲ್ಲಿ ಆಕಾರವೇ ಬೇರೆ. ನೆರಳುಬಲೆಯ ಕೆಳಗೆ ಇಟ್ಟ ಕುಂಡಗಳನ್ನು ನೋಡುತ್ತ ಹೋದಂತೆ, ಇವೆಲ್ಲ ಒಂದೇ ಜಾತಿಯ ಗಿಡವೆಂದು ನಂಬಲು ಮನಸ್ಸು ಒಪ್ಪುವುದಿಲ್ಲ. ಒಂದರ ಎಲೆ ಸೂಜಿಯಷ್ಟು ಸಪೂರ, ಹೂವು ಐದು ಎಳೆಗಳಾಗಿ ಸೀಳಿದೆ. ಇನ್ನೊಂದರ ಹೂವು ನೂರು ತುಂಡಾಗಿ ಚೆದುರಿ, ಪ್ರತಿ ತುಂಡೂ ಕೊಳವೆಯಾಗಿ ಸುರುಳಿ ಸುತ್ತಿ, ತುದಿಯಲ್ಲಿ ಹೊರಕ್ಕೆ ಮಡಚಿಕೊಂಡಿದೆ. ಮತ್ತೊಂದರಲ್ಲಿ ಹೂವಿನೊಳಗಿಂದ ಹೂವು ಎದ್ದು ಎಸಳ ಮೇಲೆ ಎಸಳು ಕೂತಿದೆ. ಇವುಗಳ ಹೆಸರು ಓದಲು ಒಂದು ಉಸಿರು ಸಾಲದು: ಮೊದಲು ಎಲೆಯ ಬಣ್ಣ, ಎಲೆಯ ಆಕಾರ, ಆಮೇಲೆ ಹೂವಿನ ಬಣ್ಣ, ಅರಳುವ ಬಗೆ. ಹೆಸರು ಗೊತ್ತಿದ್ದರೆ ಗಿಡವನ್ನು ಕಾಣದೆಯೂ ಕಲ್ಪಿಸಿಕೊಳ್ಳಬಹುದು.

ಎಸಳಾಗಿ ಸೀಳಿಹೋದ ಈ ಹೂಗಳಲ್ಲಿ ಕೇಸರವೂ ಅಂಡಕೋಶವೂ ಸರಿಯಾಗಿ ರೂಪುಗೊಳ್ಳುವುದಿಲ್ಲ. ಹೆಚ್ಚಿನವು ಬೀಜ ಬಿಡವು. ಹಾಗಾದರೆ ಇನ್ನೂರು ವರ್ಷ ಇವು ಉಳಿದದ್ದು ಹೇಗೆ? ಗಿಡಗಳಿಗೆ ನೀರು ಹಾಕುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. ಅವರು ನನ್ನನ್ನು ಪ್ರದರ್ಶನದ ಹಿಂದಕ್ಕೆ ಕರೆದೊಯ್ದರು. ಅಲ್ಲಿ ಏನೂ ವಿಶೇಷವಿಲ್ಲದ, ಬೇಲಿಯ ಮೇಲೆ ಸಿಗುವಂಥ ಸಾದಾ ಹೂವಿನ ಬಳ್ಳಿಗಳು. ಇವು ಆ ವಿಚಿತ್ರ ಗಿಡದ ಒಡಹುಟ್ಟಿದವು ಎಂದರು. ಒಂದೇ ಕಾಯಿಯ ಬೀಜಗಳಿಂದ ಬಂದವು. ನೋಡಲು ಸಾದಾ, ಒಳಗೆ ವಿಚಿತ್ರದ ಜೀನನ್ನು ಹೊತ್ತಿವೆ. ಇವುಗಳ ಬೀಜ ಬಿತ್ತಿದರೆ ನಾಲ್ಕರಲ್ಲೊಂದು ಆ ಹೂವು ಬರುತ್ತದೆ. ಎರಡು ಲಕ್ಷಣ ಒಟ್ಟಿಗೆ ಬೇಕೆಂದರೆ ಹದಿನಾರರಲ್ಲೊಂದು, ಮೂರು ಬೇಕೆಂದರೆ ಅರವತ್ತನಾಲ್ಕರಲ್ಲೊಂದು.

ಮೆಂಡೆಲ್ ತನ್ನ ಬಟಾಣಿಯ ಲೆಕ್ಕವನ್ನು ಓದಿದ್ದು 1865ರಲ್ಲಿ. ಎದೋದ ಬೆಳೆಗಾರರ ಬಳಿ ಆ ಸೂತ್ರವಿರಲಿಲ್ಲ. ಆದರೆ ಯಾವ ಸಾದಾ ಗಿಡದ ಬೀಜ ಎತ್ತಿಡಬೇಕೆಂಬುದು ಗೊತ್ತಿತ್ತು. ಮೊಳಕೆಯ ಮೊದಲ ಜೋಡಿ ಎಲೆಯ ಅಂಕು, ಬಣ್ಣ ನೋಡಿಯೇ ಇದು ಏನಾದೀತೆಂದು ಹೇಳುತ್ತಿದ್ದರು. ಒಂದು ಅದ್ಭುತಕ್ಕಾಗಿ ಅದರ ಹತ್ತಾರು ಸಾದಾ ಒಡಹುಟ್ಟುಗಳನ್ನು ಅಷ್ಟೇ ಅಕ್ಕರೆಯಿಂದ ಸಾಕಿದರು. ಸಾದಾ ಗಿಡಗಳನ್ನು ಕಡೆಗಣಿಸಿದ್ದರೆ ಆ ಹೂವು ಲೋಕದಿಂದಲೇ ಹೋಗುತ್ತಿತ್ತು. ಎಷ್ಟೋ ಹೋಗಿಯೂ ಇವೆ. 1854ರ ಚಿತ್ರಸಂಪುಟದ ಕೆಲವು ಹೂಗಳು ಇಂದು ಕಾಗದದ ಮೇಲೆ ಮಾತ್ರ ಇವೆ. ಯುದ್ಧದ ನಂತರ ಉಳಿದವನ್ನು ಹುಡುಕಿ ಒಟ್ಟುಮಾಡಿದವರಲ್ಲಿ ಮಿಶಿಮಾದ ತಳಿವಿಜ್ಞಾನ ಸಂಸ್ಥೆಯ ತಾಕೆನಾಕಾ ಯೋ ಪ್ರಮುಖರು. ಅವರ ಸಂಗ್ರಹ ಈಗ ಕ್ಯುಶು ವಿಶ್ವವಿದ್ಯಾಲಯದಲ್ಲಿದೆ. 2016ರಲ್ಲಿ ಈ ಬಳ್ಳಿಯ ಇಡೀ ಜೀನೋಮ್ ಓದಿ ಮುಗಿಸಿದ ವಿಜ್ಞಾನಿಗಳ ಕೈಗೆ ಮನೆಯಂಗಳಗಳಲ್ಲಿ ಶತಮಾನಗಳಿಂದ ಕಾದಿಟ್ಟ ತಳಿಗಳ ಭಂಡಾರ ಸಿದ್ಧವಾಗಿತ್ತು.

ಹಿರಿಯರು ನಮ್ಮ ಊರಿನ ಹಗಲು ಎಷ್ಟುದ್ದ ಎಂದು ಕೇಳಿದರು. ಬೆಂಗಳೂರಿನಲ್ಲಿ ಜೂನ್ ತಿಂಗಳಲ್ಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ ಎಂದೆ. ಅವರ ಕಣ್ಣು ಅರಳಿತು. ಈ ಬಳ್ಳಿಗೆ ಹೂ ಬಿಡಲು ಉದ್ದ ರಾತ್ರಿ ಬೇಕು. ಇಲ್ಲಿನ ಬೇಸಿಗೆಯ ಉದ್ದ ಹಗಲಿನಲ್ಲಿ ತಡಮಾಡುತ್ತದೆ, ನಿಮ್ಮಲ್ಲಿ ಯಾವ ತಿಂಗಳು ಬಿತ್ತಿದರೂ ಕಾಯಬೇಕಾಗಿಲ್ಲ, ಗೇಣುದ್ದ ಇರುವಾಗಲೇ ಮೊಗ್ಗಿಡುತ್ತದೆ ಎಂದು ಕೈಯಲ್ಲೇ ಅಳತೆ ತೋರಿಸಿದರು. ಅಷ್ಟು ಚಿಕ್ಕ ಗಿಡದ ಮೇಲೆ ಅಷ್ಟು ದೊಡ್ಡ ಹೂವು ನೋಡಲು ತನಗೂ ಆಸೆ ಎಂದರು. ಆಮೇಲೆ ನೀರಿನ ಡಬ್ಬಿ ಎತ್ತಿಕೊಂಡು, ಪ್ರದರ್ಶನದ ಹಿಂದಿನ ಆ ಸಾದಾ ಬಳ್ಳಿಗಳಿಗೆ ಮೊದಲು ನೀರು ಹಾಕಲು ಹೋದರು. ನಾನೂ ಇನ್ನೊಂದು ಡಬ್ಬಿ ಹಿಡಿದು ಹಿಂದೆ ನಡೆದೆ.